ಅರವತ್ತು ತೊಲದ ಬೆರಳು

ಆ ವರ್ಷ ನಮ್ಮ ಮನೆ ಒಂದು ಬೆರಳಿನ ಸುತ್ತ ತಿರುಗುತ್ತಿತ್ತು. ನಮ್ಮ ಕಾಕಾನ ಬಲಗೈಯ ತೋರುಬೆರಳು ಅದು. ಎಪ್ಪತ್ತರ ದಶಕದ ನಡುವಿನ ಯಾವುದೋ ಒಂದು ವರ್ಷ. ಇಸವಿ ಕೇಳಿದರೆ ಹೇಳಲಾರೆ. ನನಗೆ ನೆನಪಿರುವುದು ಬೆಳಕು. ಪಡಸಾಲೆಯ ಬಾಗಿಲಿನಿಂದ ಒಳಗೆ ಬಂದು, ಕಾಕಾನ ಮಂಚದ ಕಾಲಿನವರೆಗೆ ಹರಿದು, ಅಲ್ಲೇ ಜೊಂಪು ಹತ್ತಿದಂತೆ ನಿಂತುಬಿಡುತ್ತಿದ್ದ ಮಧ್ಯಾಹ್ನದ ಬೆಳಕು. ಹೊರಗೆ ಎರೆಹೊಲಗಳ ಮೇಲಿನಿಂದ ಗಾಳಿ ಬೀಸುತ್ತಿತ್ತು. ಮೊರಬದ ಕಡೆ ಹೋಗುವ ಬಸ್ಸಿನ ಸದ್ದು ದೂರದಲ್ಲಿ ಎದ್ದು, ಎಷ್ಟೋ ಹೊತ್ತು ಇದ್ದು, ಯಾವಾಗ ನಿಂತಿತೆಂದು ತಿಳಿಯದ ಹಾಗೆ ನಿಲ್ಲುತ್ತಿತ್ತು.

ಕಾಕಾ ನಮ್ಮಪ್ಪನ ತಮ್ಮ. ಧಾರವಾಡದಲ್ಲಿ ಭೂಮಾಪನದ ಕಚೇರಿಯಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು, ಗುರಿ ಹೊಡೆಯುವುದು. ಬೇಟೆಯಲ್ಲ, ನಮ್ಮ ಮನೆಯಲ್ಲಿ ಇರುವೆಯನ್ನೂ ದಾಟಿ ಹೋಗುವವರು. ಕಾಗದದ ಮೇಲೆ ಮುದ್ರಿಸಿದ ಕಪ್ಪು ವೃತ್ತಕ್ಕೆ, ಐವತ್ತು ಗಜ ದೂರದಿಂದ, ಉಸಿರು ಹಿಡಿದು ಹೊಡೆಯುವ ಆಟ. ಪ್ರತಿ ಭಾನುವಾರ ಧಾರವಾಡದ ಹೊರಗಿನ ಮೈದಾನಕ್ಕೆ ಹೋಗಿ ಇಪ್ಪತ್ತು ಗುಂಡು ಹಾರಿಸಿ ಬರುತ್ತಿದ್ದ. ನಿವೃತ್ತನಾದ ಒಬ್ಬ ಸಾಹೇಬನಿಂದ ಕೊಂಡ ಪಾಯಿಂಟ್ ಟೂ ಟೂ ರೈಫಲ್ಲು ಅವನದು. ಅದರ ತೋಟಾ ನಮ್ಮ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಕಿಡಿ ಹತ್ತುವ ಮದ್ದು ಬುಡದ ಅಂಚಿನಲ್ಲಿರುತ್ತದೆ, ಬಂದೂಕಿನೊಳಗಿನ ಮೊಳೆ ಆ ಅಂಚನ್ನು ಚಿವುಟಿದರೆ ಸಾಕು ಎಂದು ಕಾಕಾ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ.

ಪ್ರಾಮಾಣಿಕ ಎಂದರೆ ಬೇಸರ ಬರುವಷ್ಟು ಪ್ರಾಮಾಣಿಕ. ಒಮ್ಮೆ ಸ್ಪರ್ಧೆಯಲ್ಲಿ ಇವನ ಗುಂಡು ಗೆರೆ ತಾಗಿದೆಯೋ ಇಲ್ಲವೋ ಎಂದು ಜಗಳವಾಗಿತ್ತಂತೆ. ತಾಗಿದೆ ಎಂದು ತೀರ್ಪುಗಾರರು, ತಾಗಿಲ್ಲ ಎಂದು ಕಾಕಾ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ವಾದ ಮಾಡಿ ತನ್ನ ಅಂಕ ತಾನೇ ಕಡಿಮೆ ಮಾಡಿಸಿಕೊಂಡು, ಬಹುಮಾನ ಕಳೆದುಕೊಂಡು, ಹೆಮ್ಮೆಯಿಂದ ಊರಿಗೆ ಬಂದಿದ್ದ. ಇಂಥವರ ಜೊತೆ ಬದುಕುವುದು ಕಷ್ಟ. ನನಗಂತೂ ಅವನೆಂದರೆ ಜೀವ.

ಯುಗಾದಿಗೆ ಮುಂಚೆ ಅವನಿಗೆ ಲಕ್ವಾ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು. ಎತ್ತಿಕೊಂಡು ಊರಿಗೆ ತಂದೆವು. ಮುಂಗಾರಿನ ಹೊತ್ತಿಗೆ ಕಾಲು ಬಂತು, ಕೋಲು ಹಿಡಿದು ನಡೆದ. ಮಾತು ಬಂತು, ಬೈಗುಳ ಅದಕ್ಕಿಂತ ಮೊದಲೇ ಬಂತು. ಹೆಬ್ಬೆರಳು ಬಂತು, ನಡುಬೆರಳು ಬಂತು, ಕಿರುಬೆರಳೂ ಬಂತು. ತೋರುಬೆರಳು ಮಾತ್ರ ಯಾರ ಮನೆಯದೋ ಎಂಬಂತೆ ಅವನ ಕೈಯಲ್ಲಿ ಸುಮ್ಮನೆ ಮಲಗಿತ್ತು.

ಮನೆಯ ಮಗಳು ನಾನು, ಆಗ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ ಮನೆಯಲ್ಲಿದ್ದೆ. ಅಪ್ಪ ಹೊಲದಲ್ಲಿ, ಅವ್ವ ಒಲೆಯ ಮುಂದೆ. ಈ ಕತೆಯಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ. ಕಾಕಾನ ಆರೈಕೆ ನನಗೂ ಅವನ ಹೆತ್ತ ತಾಯಿಗೂ, ಅಂದರೆ ನಮ್ಮ ಅಜ್ಜಿಗೂ, ಸೇರಿದ್ದು. ಪ್ರತಿದಿನ ಬೆಳಿಗ್ಗೆ ನಾನು ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿ ಬಟ್ಟಲಲ್ಲಿ ಕೊಡುತ್ತಿದ್ದೆ. ಅಜ್ಜಿ ಕಟ್ಟೆಯ ಮೇಲೆ ಎಳೆಬಿಸಿಲಿನಲ್ಲಿ ಮಗನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬೆರಳನ್ನು ಉಜ್ಜುತ್ತಿದ್ದಳು. ಬಾಯಿಯಲ್ಲಿ ನಮಃ ಶಿವಾಯ ನಡೆದೇ ಇರುತ್ತಿತ್ತು. ಕಾಕಾ ಕಣ್ಣು ಮುಚ್ಚಿರುತ್ತಿದ್ದ. ಆ ಹೊತ್ತಿನಲ್ಲಿ ಅವನು ನಲವತ್ತಾರರ ಗಂಡಸಾಗಿ ಕಾಣುತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ನಾನು ನೀರು ಕೊಡಲು ಹೋದಾಗ ಕಾಕಾ ಮಂಚದ ಮೇಲೆ ಖಾಲಿ ರೈಫಲ್ಲನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದ. ಎಡಗೈಯಿಂದ ಆ ಬೆರಳನ್ನು ಎತ್ತಿ ಕುದುರೆಯ ಮೇಲಿಟ್ಟ. ಕುದುರೆ ಎಂದರೆ ಬಂದೂಕಿನ ಹೊಟ್ಟೆಯ ಕೆಳಗಿರುವ, ಬೆರಳಿಟ್ಟು ಎಳೆಯುವ ಕೊಕ್ಕೆ. ಬೆರಳು ಎಳೆಯಲಿಲ್ಲ. ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿಟ್ಟ, ಮತ್ತೆ ಬಿತ್ತು. ಐದಾರು ಸಲ. ನಾನು ನೀರಿನ ಲೋಟ ಹಿಡಿದು ಬಾಗಿಲ ಮರೆಯಲ್ಲೇ ನಿಂತಿದ್ದೆ. ಆದರೂ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಎಡಗೈಲೆ ಹೊಡಿ ಕಾಕಾ," ಎಂದೆ.

"ನೀ ಎಡಗೈಲೆ ಊಟಾ ಮಾಡ್ತೀಯೇನ ಬೇ?" ಎಂದ, ತಲೆ ಎತ್ತದೆ.

ಬೆರಳನ್ನು ಮತ್ತೊಮ್ಮೆ ಎತ್ತಿ ಕುದುರೆಯ ಮೇಲಿಡುತ್ತ ಹೇಳಿದ: "ಒಂದ ಗುಂಡು. ಒಂದ ಒಂದು. ಈ ಬೆರಳಲೇ ಹಾರಿಸಿದ್ರ ಸಾಕು. ಆಮ್ಯಾಲ ಅದು ನನ್ನ ಬೆರಳು ಅಂತ ನಾ ನಂಬ್ತೀನಿ."

ಪತ್ತಾರನನ್ನು ಕರೆಸುವ ವಿಚಾರ ಕಾಕಾನದೇ. ಊರಿನ ಅಕ್ಕಸಾಲಿಗ ಅವನು, ಕಾಕಾನ ಜೊತೆ ಕನ್ನಡ ಸಾಲೆಯಲ್ಲಿ ಓದಿದವನು. ನಾನು ಪತ್ತಾರ ಮಾಮಾ ಎನ್ನುತ್ತಿದ್ದೆ. ಸರಕಾರ ಬಂಗಾರದ ವ್ಯವಹಾರಕ್ಕೆ ಕಡಿವಾಣ ಹಾಕುವ ಕಾಯ್ದೆ ತಂದ ಮೇಲೆ ಅವನ ಕೈಗೆ ಕೆಲಸ ಕಡಿಮೆಯಾಗಿ, ಗಡಿಯಾರ, ಟಾರ್ಚು, ಹೊಲಿಗೆ ಮಷೀನು ಎಲ್ಲ ಬಿಚ್ಚಿ ಜೋಡಿಸುತ್ತಿದ್ದ. ಬಂದೂಕೆಂದ ಕೂಡಲೆ ಮಾತ್ರ ಗಾಬರಿಯಾದ.

"ಸಾಹೇಬ್ರ, ನನ್ನ ಅಂಗಡಿಗೆ ಅದನ್ನ ತರಬ್ಯಾಡ್ರಿ. ನೋಡಿದವ್ರು ಏನರ ಅಂದ್ಕೊಂಡಾರು. ನಾನ ನಿಮ್ಮನಿಗೆ ಬರ್ತೇನಿ."

ಬಂದ. ಬಗಲಲ್ಲಿ ಬಂಗಾರ ತೂಗುವ ಸಣ್ಣ ತಕ್ಕಡಿ, ಹಿತ್ತಾಳೆಯ ತೂಕಗಳ ಡಬ್ಬಿ. ಊರಲ್ಲಿ ಗ್ರಾಮು ಕಿಲೋ ಬಂದು ಎಷ್ಟೋ ವರ್ಷವಾಗಿತ್ತು, ಅವನ ಕೈ ಮಾತ್ರ ಇನ್ನೂ ತೊಲ, ಗುಲಗಂಜಿಯಲ್ಲೇ ಇತ್ತು.

"ಮೊದಲ ಇದರ ಹಟಾ ಎಷ್ಟೈತಿ ನೋಡೂಣ್ರಿ," ಎಂದು ರೈಫಲ್ಲನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಕುದುರೆಗೆ ದಾರ ಕಟ್ಟಿ, ತಕ್ಕಡಿಯ ಒಂದು ತಟ್ಟೆ ತೂಗುಬಿಟ್ಟ. ತೂಕದ ಮೇಲೆ ತೂಕ ಇಟ್ಟ. ಡಬ್ಬಿ ಖಾಲಿಯಾಯಿತು. ಅಡಿಗೆಮನೆಯಿಂದ ಸೇರಿನ ಕಲ್ಲು ತರಿಸಿದ. ಕೊನೆಗೆ ಟಕ್ ಎಂದಿತು. ಎರಡು ಸೇರು ಹತ್ತು ತೊಲ, ಸೇರಿಗೆ ಎಂಬತ್ತು ತೊಲ.

"ಈಗ ಬೆರಳ ಕೊಡ್ರಿ."

ಕಾಕಾನ ಕೈಯನ್ನು ಮಂಚದ ಅಂಚಿಗೆ ಇಟ್ಟು, ಅದೇ ದಾರವನ್ನು ಬೆರಳಿಗೆ ಹಾಕಿ ಅದೇ ತಟ್ಟೆ ತೂಗುಬಿಟ್ಟ. ಎಂಟು ತೊಲ ಎತ್ತಿತು. ಒಂಬತ್ತನೆಯದಕ್ಕೆ ಬೆರಳು ನಡುಗಿ ಇಳಿಯಿತು.

ಎಂಟು ತೊಲ ಒಂದು ಕಡೆ, ನೂರೆಪ್ಪತ್ತು ತೊಲ ಇನ್ನೊಂದು ಕಡೆ. ನಾನು ಅಳುತ್ತೇನೆಂದು ಹೆದರಿ ಒಳಗೆ ಹೋದೆ. ಪತ್ತಾರ ಮಾಮಾ ಹೇಳುವುದು ಕೇಳಿಸಿತು: "ಇದನ್ನ ನಾ ಇಳಸ್ತೇನಿ, ಅದನ್ನ ನೀವು ಏರಸ್ರಿ. ನಡುವ ಎಲ್ಲರೆ ಕೂಡೂಣಂತ."

ಆಮೇಲಿನ ತಿಂಗಳುಗಳು ಒಂದರೊಳಗೊಂದು ಕರಗಿಹೋಗಿವೆ. ಪತ್ತಾರ ಮಾಮಾ ನಾಲ್ಕೆಂಟು ದಿನಕ್ಕೊಮ್ಮೆ ಊಟದ ನಂತರ ಬರುತ್ತಿದ್ದ. ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿ ಕುದುರೆಯ ಭಾಗವನ್ನು ಬಿಚ್ಚಿ ಇಡುತ್ತಿದ್ದ. ಎರಡು ತಿರುಪು, ಒಂದು ಸ್ಪ್ರಿಂಗು, ಒಂದರ ಮೇಲೊಂದು ಕೂರುವ ಎರಡು ಉಕ್ಕಿನ ತುಂಡು. ಆ ಎರಡು ತುಂಡು ಕೂಡುವ ಜಾಗವನ್ನು ಬಂಗಾರಕ್ಕೆ ಹೊಳಪು ಕೊಡುವ ಕಲ್ಲಿನಿಂದ ಉಜ್ಜುತ್ತಿದ್ದ. ಉಜ್ಜುವ ಸದ್ದು ಎಷ್ಟು ಸಣ್ಣದೆಂದರೆ ಅದು ಕೇಳಿಸುತ್ತಿದೆಯೋ ನಾನೇ ನೆನೆಯುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಹಳೆಯ ಸ್ಪ್ರಿಂಗು ತೆಗೆದು ಗೋಡೆ ಗಡಿಯಾರದ್ದು ಹಾಕಿ ನೋಡಿದ, ಆಗಲಿಲ್ಲ. ಛತ್ರಿಯದು ಹಾಕಿದ, ಅದೂ ಆಗಲಿಲ್ಲ. ಭಜನೆಯವರ ಮುರಿದ ಹಾರ್ಮೋನಿಯಂನಿಂದ ಕಿತ್ತು ತಂದದ್ದು ಕೂತಿತು. ಕಾಕಾ ಒರಗಿಕೊಂಡು ನೋಡುತ್ತ, "ಹ್ಞೂಂ, ಇನ್ನಷ್ಟು," ಅನ್ನುತ್ತಿದ್ದ. ನಡುವೆ ಇಬ್ಬರಿಗೂ ನಿದ್ದೆ ಬರುತ್ತಿತ್ತು. ಗೋಡೆಗೆ ಒರಗಿ ಒಬ್ಬ, ಮಂಚದ ಮೇಲೊಬ್ಬ, ನಡುವೆ ಪಂಚೆಯ ಮೇಲೆ ಬಿಚ್ಚಿದ ಉಕ್ಕು. ನಾನು ಕಾವಲು ಕೂರುತ್ತಿದ್ದೆ.

ಕಾಕಾನ ಬೆರಳು ಕುದುರೆಯ ಸಣ್ಣ ಬಾಗಿನಲ್ಲಿ ನಿಲ್ಲದೆ ಜಾರುತ್ತಿತ್ತಲ್ಲ, ಅದಕ್ಕೆ ಅಗಲವಾದ ಒಂದು ಹೊದಿಕೆ ಬೇಕು ಎಂದ ಪತ್ತಾರ ಮಾಮಾ. ಹಿತ್ತಾಳೆಯೋ ತಾಮ್ರವೋ ಎಂದು ಅವರಿಬ್ಬರೂ ಮಾತಾಡುತ್ತಿರುವಾಗ ಅಜ್ಜಿ ಒಳಗಿನಿಂದ ಬಂದು ತನ್ನ ಹಳೆಯ ಬೆಳ್ಳಿಯ ಕಾಲುಂಗುರಗಳನ್ನು ಪಂಚೆಯ ಮೇಲಿಟ್ಟಳು. ಅಜ್ಜ ತೀರಿಕೊಂಡ ಮೇಲೆ ತೆಗೆದಿಟ್ಟಿದ್ದವು.

"ಇಟ್ಟು ಏನ ಮಾಡ್ಲಿ? ಅವನ ಬೆರಳಿಗೆ ತಂಪರೆ ಇರ್ತಾವ," ಎಂದಳು.

ಪತ್ತಾರ ಮಾಮಾ ಅವನ್ನು ಕರಗಿಸಿ ಬಡಿದು, ಬೆರಳು ಮಲಗುವಷ್ಟು ಅಗಲದ ತಗಡು ಮಾಡಿ ಕುದುರೆಗೆ ಹೊದಿಸಿದ. ಅಂದಿನಿಂದ ಅಜ್ಜಿಗೆ ಆ ಬಂದೂಕು ಮನೆಯ ಮಗುವಾಯಿತು. ಬರುವಾಗ ಹೋಗುವಾಗ ಅದನ್ನು ಮಾತಾಡಿಸುತ್ತಿದ್ದಳು.

ಗಣಪತಿ ಹಬ್ಬದ ಹೊತ್ತಿಗೆ ಕುದುರೆ ಅರವತ್ತು ತೊಲಕ್ಕೆ ಇಳಿದಿತ್ತು. ಇನ್ನೂ ಇಳಿಸುತ್ತೇನೆ ಎಂದ ಪತ್ತಾರ ಮಾಮಾನ ಉಮೇದು ನೋಡಬೇಕಿತ್ತು. ಕಾಕಾ ಬಿಡಲಿಲ್ಲ. ಖಾಲಿ ರೈಫಲ್ಲಿನ ಹಿಂಬದಿಯನ್ನು ನೆಲಕ್ಕೆ ಕುಟ್ಟಿಸಿ ನೋಡಿದ, ಕುದುರೆ ಅಲುಗಲಿಲ್ಲ.

"ಇಲ್ಲಿಗೆ ಸಾಕು. ಅರವತ್ತಕ್ಕಿಂತ ಒಂದ ಗುಲಗಂಜಿ ಕೆಳಗ ಇಳಸಬ್ಯಾಡ. ಕೈ ತಪ್ಪಿ ಬಿದ್ರ ತಾನ ಹಾರೂ ಬಂದೂಕ ನನಗ ಬ್ಯಾಡ. ಉಳದದ್ದು ಬೆರಳು ಮಾಡ್ಬೇಕು."

ಬೆರಳು ಅರವತ್ತು ತೊಲ ಎತ್ತುವವರೆಗೆ ಕುದುರೆಯನ್ನು ಮುಟ್ಟುವುದಿಲ್ಲ ಎಂದೂ ಅವನೇ ನೇಮ ಹಾಕಿಕೊಂಡ. ರೈಫಲ್ಲು ಪಡಸಾಲೆಯ ಗೂಟಕ್ಕೆ ಹೋಯಿತು. ಅದರ ಬೋಲ್ಟೂ ತೋಟಾಗಳೂ ಟ್ರಂಕಿನಲ್ಲಿ, ಬೀಗದ ಕೈ ಅವನ ಉಡಿದಾರದಲ್ಲಿ. ಆಮೇಲೆ ತೂಗುತ್ತಿದ್ದದ್ದು ಬೆರಳನ್ನು ಮಾತ್ರ. ಮೂವತ್ತೊಂದು. ನಲವತ್ತು. ಒಂದು ವಾರ ಮೂವತ್ತೆಂಟಕ್ಕೆ ಇಳಿದು ಮನೆಯೆಲ್ಲ ಮಂಕಾಯಿತು. ಮತ್ತೆ ನಲವತ್ತೇಳು. ದಸರೆಗೆ ಐವತ್ತೆಂಟು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಅಜ್ಜಿ ಕುಡಗೋಲು, ಕೊಡಲಿ, ಅಪ್ಪನ ಸೈಕಲ್ಲಿನ ಜೊತೆ ರೈಫಲ್ಲಿಗೂ ವಿಭೂತಿ ಹಚ್ಚಿ ಹೂವಿಟ್ಟಳು. ಮರುದಿನ ಬೆಳಿಗ್ಗೆ ಕಾಕಾ ಸ್ನಾನಕ್ಕೆ ಹೋದಾಗ, ಬೆರಳಿಗೆ ಹಚ್ಚಿ ಉಳಿದ ಎಣ್ಣೆಯಲ್ಲಿ ಹತ್ತಿಯ ಬತ್ತಿ ಅದ್ದಿ, ಗೂಟದ ಹತ್ತಿರ ನಿಂತು ಬೆಳ್ಳಿಯ ಕುದುರೆಗೆ ಹಚ್ಚುತ್ತಿದ್ದಳು. ಬುಡಕ್ಕೂ ಎರಡು ಹನಿ ಇಳಿಸಿದಳು. ನಮಃ ಶಿವಾಯ ನಡೆದಿತ್ತು.

"ಇದಕ್ಯಾಕ ಆಯಿ?" ಎಂದು ಕೇಳಿದೆ.

"ಇಬ್ರೂ ಕೂಡಿ ಕೆಲಸಾ ಮಾಡಾವ್ರು. ಒಬ್ಬಗ ಹಚ್ಚಿ ಒಬ್ಬಗ ಬಿಟ್ರ ಹೆಂಗ?"

ನನಗೆ ಎಷ್ಟು ಚೆಂದ ಅನ್ನಿಸಿತೆಂದರೆ, ಮರುದಿನದಿಂದ ಸ್ವಲ್ಪ ಹೆಚ್ಚು ಎಣ್ಣೆಯನ್ನೇ ಕಾಯಿಸತೊಡಗಿದೆ. ಬಟ್ಟಲನ್ನು ನಾನೇ ಹಿಡಿದು ನಿಲ್ಲುತ್ತಿದ್ದೆ.

ದೀಪಾವಳಿ ಮುಗಿದ ಒಂದು ಬೆಳಿಗ್ಗೆ ಬೆರಳು ಅರವತ್ಮೂರು ತೊಲ ಎತ್ತಿತು. ಎರಡು ಸಲ ತೂಗಿದರು, ಎರಡು ಸಲವೂ ಅಷ್ಟೇ. ಪತ್ತಾರ ಮಾಮಾ ತಕ್ಕಡಿಯನ್ನು ಕಣ್ಣಿಗೆ ಒತ್ತಿಕೊಂಡ. ಕುದುರೆಯನ್ನು ಮತ್ತೊಮ್ಮೆ ತೂಗುವ ವಿಚಾರ ಯಾರಿಗೂ ಬರಲಿಲ್ಲ. ಬದಲಾಗುವುದು ಮನುಷ್ಯನ ಮೈ, ಉಕ್ಕಿಗೇನು ಬಂದಿದೆ?

ಅಂದೇ ಸಂಜೆಯ ಬಿಸಿಲಿನಲ್ಲಿ ಮೂವರೂ ಹೊಲಕ್ಕೆ ಹೋದೆವು. ಬೆಣ್ಣಿಹಳ್ಳದ ದಂಡೆಯಲ್ಲಿ ಮಣ್ಣು ಗೋಡೆಯ ಹಾಗೆ ಎದ್ದಿರುವ ಕಡೆ ಗುರಿಯ ಕಾರ್ಡು ನೆಟ್ಟೆ. ಆಳೆತ್ತರ ಬಂದ ಜೋಳದ ಬೆಳೆ ತಲೆದೂಗುತ್ತಿತ್ತು. ಕಾಕಾ ಕಂಬಳಿಯ ಮೇಲೆ ಬೋರಲು ಮಲಗಿದ. ಎಡಗೈಯಿಂದ ತೋಟಾ ತುಂಬಿ, ಬೋಲ್ಟು ಮುಚ್ಚಿ, ಬೆರಳನ್ನು ತಾನೇ ತಾನಾಗಿ, ಯಾರ ಸಹಾಯವಿಲ್ಲದೆ, ಬೆಳ್ಳಿಯ ಮೇಲಿಟ್ಟ. ಉಸಿರು ಹಿಡಿದ. ನಾನೂ ಹಿಡಿದೆ.

ಸದ್ದಿಲ್ಲ.

ಉಸಿರು ಬಿಟ್ಟು ಮತ್ತೆ ಹಿಡಿದ. ಬೆರಳಿನ ಗೆಣ್ಣು ಬೆಳ್ಳಗಾಯಿತು, ಹಣೆಯಿಂದ ಬೆವರು ಕಂಬಳಿಯ ಮೇಲೆ ಬಿತ್ತು. ಜೋಳದೊಳಗೆ ಯಾವುದೋ ಹಕ್ಕಿ ಕೂಗುತ್ತಲೇ ಇತ್ತು. ಎಷ್ಟು ಸಲ ಎಳೆದನೋ. ಕೊನೆಗೆ ಎಡಗೈಯಿಂದ ಬೋಲ್ಟು ತೆಗೆದು, ತೋಟಾ ಹೊರಗೆ ಹಾಕಿ, ಎದ್ದು ಕೂತ.

"ಅರವತ್ಮೂರು ಅಂದ್ಯಲ್ಲೋ ಪತ್ತಾರ?"

"ಹೌದ್ರಿ."

"ಸುಳ್ಳ. ರೋಗಸ್ತನ್ನ ಸಮಾಧಾನ ಮಾಡಾಕ ತೂಕಾ ಹೆಚ್ಚಿಗಿ ಹೇಳೀದಿ."

ಪತ್ತಾರ ಮಾಮಾನ ಮುಖ ನಾನು ಮರೆತಿಲ್ಲ. ಅಕ್ಕಸಾಲಿಗನಿಗೆ ನೀನು ಕಳ್ಳ ಎನ್ನಿ, ನಕ್ಕು ಸುಮ್ಮನಾದಾನು. ನಿನ್ನ ತೂಕ ಸುಳ್ಳು ಎನ್ನುವುದು ಬೇರೆ ಮಾತು. ಅವನು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಬದುವಿನ ಮೇಲೆ ನಡೆದು ಹೋದ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಕಾಕಾ ಗೋಡೆಗೆ ಮುಖ ಮಾಡಿ ಮಲಗಿದ. ಅಜ್ಜಿಗೆ ಕೈ ಕೊಡುತ್ತಿದ್ದ, ಸತ್ತ ಹಾವನ್ನು ಕೊಟ್ಟ ಹಾಗೆ. ಬಲಗೈಯಿಂದ ಕಲಸಿ ಉಣ್ಣಲು ಶುರು ಮಾಡಿದ್ದವನು ಮತ್ತೆ ಎಡಗೈಗೆ ಚಮಚ ತೆಗೆದುಕೊಂಡ. ಒಂದು ದಿನ ಎಡಗೈಯಿಂದಲೇ ಸೊಟ್ಟ ಅಕ್ಷರದಲ್ಲಿ ಧಾರವಾಡದ ಪರಿಚಯದವರಿಗೆ ಕಾಗದ ಬರೆದು ನನ್ನ ಕೈಗಿತ್ತ. ಲೈಸನ್ಸು ಮುಗಿಯುವ ಮೊದಲು ರೈಫಲ್ಲನ್ನು ಯಾರಿಗಾದರೂ ವಹಿಸಿಕೊಡಬೇಕು, ಬಂದು ಒಯ್ಯಿರಿ ಎಂದಿತ್ತು. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಬರುತ್ತೇವೆಂದು ಉತ್ತರ ಬಂತು.

"ಆ ಬೆರಳು ನಂದಲ್ಲ ಬೇ," ಎಂದ ಒಮ್ಮೆ, ಗೋಡೆಗೇ.

ಕೋಪ ಬಂದರೆ ನನಗೆ ಕೈ ಸುಮ್ಮನಿರುವುದಿಲ್ಲ. ಯಾರ ಮೇಲೆ ಕೋಪ ಎಂದು ತಿಳಿಯದೆಯೇ ಒಂದು ಮಧ್ಯಾಹ್ನ, ಕಾಕಾ ಮಲಗಿದ್ದಾಗ, ಗೂಟದಲ್ಲಿದ್ದ ರೈಫಲ್ಲಿನ ಕುದುರೆಗೆ ನನ್ನ ಬೆರಳು ಹಾಕಿ ಎಳೆದೆ. ಬೋಲ್ಟಿರಲಿಲ್ಲ, ಗುಂಡಿರಲಿಲ್ಲ, ಆದರೂ ಅದನ್ನು ಮುಟ್ಟುವುದು ನಮಗೆಲ್ಲ ನಿಷೇಧ. ದಿನಾ ಬಾವಿಯಿಂದ ನೀರು ಸೇದುವ ಕೈ ನನ್ನದು. ಕುದುರೆ ಅಲುಗಲಿಲ್ಲ. ಜೋರಾಗಿ ಎಳೆದಾಗ ಒಣಗಿದ ಬೆಲ್ಲದೊಳಗಿಂದ ಬೆರಳು ಕೀಳುವ ಹಾಗೆ ನಿಧಾನ ಹಿಂದೆ ಬಂತು, ಬಿಟ್ಟರೆ ಮುಂದೆ ಹೋಗಲಿಲ್ಲ.

ಸೋತದ್ದು ಬೆರಳಲ್ಲ, ಕುದುರೆ. ನೋಡಿ ನೋಡಿ ಕಲಿತ ಹಾಗೆ ಎರಡು ತಿರುಪು ಬಿಚ್ಚಿ, ಆ ಭಾಗವನ್ನು ಕುಬಸದ ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಪತ್ತಾರ ಮಾಮಾನ ಅಂಗಡಿಗೆ ನಡೆದೆ.

ಅವನು ತಲೆ ಎತ್ತಲಿಲ್ಲ. "ನಿಮ್ಮ ಕಾಕಾಗ ಹೇಳವಾ ತಂಗಿ, ನನ್ನ ತಕ್ಕಡಿ ಯಾರ ಮಾರಿ ನೋಡಿ ತೂಗೂದಿಲ್ಲ."

"ಅದಕ್ಕ ಬಂದೇನ್ರಿ ಮಾಮಾ. ತಕ್ಕಡಿ ಖರೇ ಇದ್ರ ಇದನ್ನ ನೋಡ್ರಿ," ಎಂದು ಬಟ್ಟೆ ಬಿಚ್ಚಿದೆ.

ನೋಡಿದ. ಬೆರಳಿಂದ ತೀಡಿದ. ಮೂಗಿನ ಹತ್ತಿರ ಹಿಡಿದ. ಮತ್ತೊಮ್ಮೆ ಮೂಸಿದ. ಅವನ ಹುಬ್ಬು ಮೇಲೇರಿತು.

"ಬಳ್ಳೊಳ್ಳಿ! ಒಗ್ಗರಣಿ ಹಾಕೀರೇನ್ರಿ ಇದಕ್ಕ?"

ನಾನೂ ಬಗ್ಗಿ ಮೂಸಿದೆ.

"ಕುಸುಬಿ ಎಣ್ಣಿ ಇದು. ದೀಪದ ಗೂಡಿನ್ಯಾಗ ಸೋರಿದ್ದು ಹೆಂಗ ಗಟ್ಟಿ ಆಗಿರತೈತಿ, ಕೆರದ್ರೂ ಹೋಗೂದಿಲ್ಲ, ನೋಡೀರಿಲ್ಲ? ಹಂಗ ಇದರೊಳಗ ಕುಂತೈತಿ. ದಿನಾ ಹಚ್ಚೀರೇನು?"

"ದಿನಾ," ಎಂದೆ. ಅಲ್ಲೇ ಅವನ ಕುಲುಮೆಯ ಮುಂದೆ ಕುಕ್ಕರಿಸಿದೆ. ಒಮ್ಮೆಲೆ ಅಳುವೂ ನಗುವೂ ಬಂದವು. ಅವನು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಅದನ್ನು ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಹಳದಿ ಹಳದಿಯಾಗಿ ಎಷ್ಟೋ ಮೇಣ ಎದ್ದು ಬಂತು. ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಮುಟ್ಟಿಸಿದ. ತೂಗಲು ಅವನೇ ಬಂದ, ಕರೆಯದೆಯೇ, ಕಾಕಾನ ಮುಂದೆಯೇ. ಅರವತ್ತಕ್ಕೆ ಟಕ್ ಎಂದಿತು. ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ಕಾಕಾಗೆ ಎಲ್ಲ ಹೇಳಿದೆ. ಬತ್ತಿ, ಬಟ್ಟಲು, ನಮಃ ಶಿವಾಯ, ಬಟ್ಟಲು ಹಿಡಿದ ನನ್ನ ಕೈ. ಹೇಳುತ್ತ ಹೇಳುತ್ತ ನನ್ನ ಕೋಪ ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿತು, ಅದು ಸುಲಭವಲ್ಲವೇ. ಒಂದು ತಿಂಗಳು ಮನುಷ್ಯನನ್ನು ಗೋಡೆಗೆ ಮಲಗಿಸಿದಳಲ್ಲ, ಹೋಗಿ ಈಗಲೇ ಕೇಳುತ್ತೇನೆ ಎಂದು ಎದ್ದೆ. ಏನೇನು ಅನ್ನಬೇಕೆಂಬುದೆಲ್ಲ ಬಾಯಲ್ಲಿ ತಯಾರಿತ್ತು.

"ಕುಂದ್ರ ಬೇ," ಎಂದ ಕಾಕಾ. "ಮೊದಲ ಗುಂಡು ಹಾರಲಿ. ಅವ್ವಗ ಹೇಳೂದು ನಾ ಹೇಳ್ತೀನಿ." ಆಮೇಲೆ ಪತ್ತಾರ ಮಾಮಾನ ಕಡೆ ತಿರುಗಿ, "ತೂಕದ ಮಾತು ಆಡಬಾರದಿತ್ತು. ತಪ್ಪಾತು," ಎಂದ. ಪತ್ತಾರ ಮಾಮಾ ತಕ್ಕಡಿಯ ದಾರ ಸುತ್ತುತ್ತ, "ಇರ್ಲಿ ಬಿಡ್ರಿ," ಎಂದನಷ್ಟೆ.

ಅಜ್ಜಿಯ ಬತ್ತಿಗೆ ಸಿಗದಂತೆ ಕುದುರೆಯ ಭಾಗ ಟ್ರಂಕಿನಲ್ಲಿ ಬೀಗದೊಳಗೆ ಉಳಿಯಿತು. ಮರುದಿನ ಬೆಳಿಗ್ಗೆ ಅಜ್ಜಿ ಬತ್ತಿ ಹಿಡಿದು ಗೂಟದ ಹತ್ತಿರ ಹೋಗಿ ಬರಿದಾದ ಜಾಗ ಸವರಿ ನಿಂತಳು. "ಎಲ್ಲಿ ಹೋತು? ಇವತ್ತ ಅದಕ್ಕ ಎಣ್ಣಿ ಇಲ್ಲೇನು?" ಎಂದು ದಿನವಿಡೀ ಕೇಳುತ್ತಿದ್ದಳು. ನಾನು ಪಾತ್ರೆ ಕುಕ್ಕಿದೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಎಂದು ಎಡೆಯ ಅಡಿಗೆ ಚೆಲ್ಲಿ, ಅಲ್ಲೇ ಉಣ್ಣುತ್ತೇವೆ. ಆ ದಿನವನ್ನೇ ಕಾಕಾ ಆರಿಸಿದ. ಕಡಲೆಯ ಹುಳಿ ಗಾಳಿಯಲ್ಲಿತ್ತು, ಕುಸುಬಿಯ ಗಿಡಗಳಲ್ಲಿ ಮುಳ್ಳು ಬಲಿಯುತ್ತಿತ್ತು. ಊಟವಾಗಿ ಅಪ್ಪ ಅವ್ವ ಬಂಡಿಯ ನೆರಳಿನಲ್ಲಿ ಕಣ್ಣು ಮುಚ್ಚಿದ್ದರು. ಬಿಸಿಲು ಬೆಳ್ಳಗೆ, ಮೆಲ್ಲಗೆ, ಎಲ್ಲದರ ಮೇಲೆ ಕೂತಿತ್ತು. ಕಾಕಾ ಹಳ್ಳದ ದಂಡೆಯ ಎದುರು ಕಂಬಳಿಯ ಮೇಲೆ ಮಲಗಿದ. ಅಜ್ಜಿ ಅವನ ಹಿಂದೆ ಕೈ ಮುಗಿದು ಕೂತಳು. ಪತ್ತಾರ ಮಾಮಾ ನಿಂತೇ ಇದ್ದ.

ಬೆರಳು ಬೆಳ್ಳಿಯ ಮೇಲೆ ಮಲಗಿತು. ಕಾಕಾನ ಬೆನ್ನು ಏರಿ, ಇಳಿದು, ನಿಂತಿತು. ಆ ನಿಂತ ಹೊತ್ತು ಎಷ್ಟೆಂದು ನನಗೆ ಈಗಲೂ ಗೊತ್ತಿಲ್ಲ. ಅದರೊಳಗೆ ಶ್ರಾವಣದ, ಭಾದ್ರಪದದ ಎಲ್ಲ ಮಧ್ಯಾಹ್ನಗಳೂ ಹಿಡಿದವು.

ಚಟ್ ಎಂದಿತು. ಒಣ ಕಟ್ಟಿಗೆ ಮುರಿದಷ್ಟೇ ಸದ್ದು. ದಂಡೆಯಿಂದ ಸ್ವಲ್ಪ ಮಣ್ಣು ಉದುರಿತು.

ನಾನು ಓಡಿ ಹೋಗಿ ಕಾರ್ಡು ಕಿತ್ತು ತಂದೆ. ಕಪ್ಪು ವೃತ್ತದಿಂದ ಎಷ್ಟೋ ದೂರ, ಕೆಳಗೆ ಎಡಕ್ಕೆ, ಹೊರಗಿನ ಗೆರೆಯ ಹತ್ತಿರ ಒಂದು ತೂತು. ಗೆರೆ ತಾಗಿದೆ, ಎರಡು ಅಂಕ ಎಂದೆ. ಕಾಕಾ ಕಣ್ಣೀರು ಒರೆಸಿಕೊಳ್ಳುತ್ತಲೇ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, "ತಾಗಿಲ್ಲ. ಒಂದ," ಎಂದ. ಪತ್ತಾರ ಮಾಮಾ ಗಟ್ಟಿಯಾಗಿ ನಕ್ಕುಬಿಟ್ಟ.

ಅಜ್ಜಿ ಎದ್ದು ಬಂದು ಮಗನ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಒಂದು ಕೈ ಬಿಡಿಸಿ ಚಾಚಿ ಕುದುರೆಯನ್ನು ಸವರಿದಳು.

"ನೋಡಿದ್ಯಾ ತಮ್ಮಾ? ಖಂಡೆ ಪೂಜಿ ಮರದಿನಾ ಹಿಡದು ನಿನಗ ಹೇಳದ ಇದಕ್ಕೂ ಎಣ್ಣಿ ಹಚ್ಚೀನಿ. ಅದಕ್ಕ ಗುಂಡು ಹಾರಿತು. ಹೌದಿಲ್ಲೋ?"

ನಾನು ಕಾಕಾನ ಮುಖ ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಅರ್ಧ ಅಂಕಕ್ಕೂ ಸುಳ್ಳು ಸಹಿಸದವನು, ಈಗಷ್ಟೇ ತನ್ನ ಎರಡನ್ನು ಒಂದು ಮಾಡಿಕೊಂಡವನು. ಅವನು ತಾಯಿಯನ್ನು ನೋಡಿದ.

"ಹೌದವ್ವಾ," ಎಂದ. "ನಿನ್ನ ಎಣ್ಣೀಲೇ."

ನನ್ನ ಬಾಯಲ್ಲಿ ತಯಾರಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಪತ್ತಾರ ಮಾಮಾ ತಿರುಗಿ ಜೋಳದ ಕಡೆ ನೋಡತೊಡಗಿದ. ನನಗೆ ನಾಚಿಕೆಯಾಯಿತು, ಅಳು ಬಂತು, ಎರಡನ್ನೂ ನುಂಗಿಕೊಂಡು ಕಂಬಳಿ ಮಡಚಿದೆ.

ಧಾರವಾಡದವರಿಗೆ ಬರಬೇಡಿ ಎಂದು ಕಾಗದ ಹೋಯಿತು. ರೈಫಲ್ಲು ಗೂಟಕ್ಕೆ ಮರಳಿತು. ಮರುದಿನದಿಂದ ಅಜ್ಜಿ ಬೆಳಿಗ್ಗೆ ಅದಕ್ಕೆ ಎಣ್ಣೆ ಹಚ್ಚುವಳು. ಸಂಜೆ ಅವಳು ಗುಡಿಗೆ ಹೋದಾಗ ಕಾಕಾ ಎರಡು ತಿರುಪು ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ಅದನ್ನು ತೊಳೆದು, ಒರೆಸಿ, ಮತ್ತೆ ಜೋಡಿಸುವನು. ಮೊದಮೊದಲು ತಿರುಪು ಹಿಡಿಯಲು ಆ ಬೆರಳಿಗೆ ಒಂದು ತಾಸು ಬೇಕಾಗುತ್ತಿತ್ತು. ಆಮೇಲಾಮೇಲೆ ಹತ್ತು ನಿಮಿಷ. ದಿನವೂ, ಒಂದು ದಿನ ತಪ್ಪದೆ.

"ಒಮ್ಮೆ ಹೇಳಿಬಿಡಬಾರದೇನ ಕಾಕಾ? ದಿನಾ ಇದ ಕೆಲಸಾ," ಎಂದೆ ನಾನು, ತರಬೇತಿಗೆ ಹೊರಡುವ ಹಿಂದಿನ ಸಂಜೆ.

ಅವನು ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಕುದುರೆಯ ಸಂದಿಯಲ್ಲಿ ಆಡಿಸುತ್ತ, "ಹಚ್ಚಲಿ ಬಿಡ ಬೇ. ಆಕಿ ಹಚ್ಚೂದು ಬಿಟ್ಲಂದ್ರ ನಾ ಏನ ಒರಸ್ಲಿ?" ಎಂದ.

ಎರಡು ಬೇಸಿಗೆ ಒರೆಸಿದ. ಮೂರನೆಯ ಬೇಸಿಗೆಯಲ್ಲಿ ನಾನು ಊರಿಗೆ ಬಂದಾಗ ಅಜ್ಜಿ ಇರಲಿಲ್ಲ. ಸಂಜೆ ಕಾಕಾ ಪಡಸಾಲೆಯಲ್ಲಿ ಪಂಚೆ ಹಾಸಿಕೊಂಡು, ಒಂದು ಹನಿ ಎಣ್ಣೆಯೂ ಇಲ್ಲದ ಶುಚಿಯಾದ ಉಕ್ಕನ್ನು ಬಿಚ್ಚಿ ಮುಂದಿಟ್ಟುಕೊಂಡು ಕೂತಿದ್ದ. ಕೈಯಲ್ಲಿ ಬಟ್ಟೆಯಿತ್ತು. ನಾನು ಅವನ ಪಕ್ಕದಲ್ಲಿ ಕೂತೆ.